ಮೂರು ಜನರ ಡೇರೆ

ನಾಗರಿಕತೆಯ ಭಾರ ಹೊತ್ತು ದಣಿದ ಮನುಷ್ಯ ಆಗಾಗ ಪ್ರಕೃತಿಯ ಮಡಿಲಿಗೆ ಮರಳಬೇಕು, ಇಲ್ಲವಾದರೆ ಅವನ ಆತ್ಮ ಬತ್ತಿಹೋಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ನಾವು ಕಾಡಿಗೆ ಹೋದದ್ದು ಮನೆಯಲ್ಲಿ ನನ್ನ ಮಗಳಿಗೆ ಮಲಗಲು ಜಾಗವಿರಲಿಲ್ಲವೆಂದು.

ಮನೆ ಎಂದರೆ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸು. ನಾನು ಆಗ ಕೇಂದ್ರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ನನ್ನ ದರ್ಜೆಯ ಮನುಷ್ಯನಿಗೆ ಎರಡು ಕೋಣೆ, ಒಂದು ಹಜಾರ ಮತ್ತು ನಾಲ್ಕು ಟವೆಲು ಒಣಗಿಸುವಷ್ಟು ಬಾಲ್ಕನಿ ಸಾಕೆಂದು ಸರ್ಕಾರ ತೀರ್ಮಾನಿಸಿತ್ತು. ಒಂದು ಕೋಣೆ ನಮ್ಮದು. ಇನ್ನೊಂದು ಮಕ್ಕಳದು ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ವಾಸ್ತವದಲ್ಲಿ ಅದು ಕರ್ನಾಟಕದಿಂದ ದಿಲ್ಲಿ ನೋಡಲು ಬರುವವರದು. ಚಾಣಕ್ಯಪುರಿಯಲ್ಲಿರುವ ಕರ್ನಾಟಕ ಸರ್ಕಾರದ ಅತಿಥಿಗೃಹದಲ್ಲಿ ಕೋಣೆ ಬೇಕಾದರೆ ಯಾರದಾದರೂ ಪತ್ರ ಬೇಕು. ನಮ್ಮ ಮನೆಯಲ್ಲಿ ಬೇಕಾದರೆ ನನ್ನ ಹೆಂಡತಿಯ ಯಾವುದಾದರೊಂದು ಸೋದರತ್ತೆಯ ಹೆಸರು ಗೊತ್ತಿದ್ದರೆ ಸಾಕು. ಅತಿಥಿಗಳು ಒಳಗೆ ಕಾಲಿಟ್ಟೊಡನೆ ಮಕ್ಕಳಿಬ್ಬರೂ ದಿಂಬು ತಬ್ಬಿಕೊಂಡು ಹಜಾರಕ್ಕೆ ಬರುತ್ತಿದ್ದರು. ಮಗನಿಗೆ ಆರು ವರ್ಷ. ಅವನು ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟರೂ ನಿದ್ದೆ ಮಾಡುವವನು. ಮಗಳು ಮಾತ್ರ ಫ್ಯಾನು ನೋಡುತ್ತ ಬಿದ್ದುಕೊಂಡಿರುತ್ತಿದ್ದಳು.

ಒಂಬತ್ತನೆಯ ಹುಟ್ಟುಹಬ್ಬಕ್ಕೆ ಏನು ಬೇಕೆಂದು ಕೇಳಿದಾಗ ಅವಳು ಡೇರೆ ಎಂದಳು.

"ಟೆಂಟಾ? ಯಾಕೆ ಪುಟ್ಟಾ?"

"ಉಸ್‌ಮೇ ಜಿಪ್ ಹೋತೀ ಹೈ ಅಪ್ಪಾ. ಒಳಗಿಂದ ಜಿಪ್ ಹಾಕಿದ್ರೆ ಯಾರೂ ಬರಲ್ಲ. ಒಂದೇ ಒಂದು ನೈಟ್. ಜಂಗಲ್‌ನಲ್ಲಿ. ನೋ ಗೆಸ್ಟ್ಸ್."

ಇಷ್ಟು ಸ್ಪಷ್ಟವಾದ ಬೇಡಿಕೆ ನನ್ನ ಕಚೇರಿಯ ಮೇಜಿಗೆ ಎಂದೂ ಬಂದಿರಲಿಲ್ಲ. ಕರೋಲ್ ಬಾಗಿಗೆ ಹೋಗಿ ನೀಲಿ ಬಣ್ಣದ ಡೇರೆಯೊಂದನ್ನು ತಂದೆ. ಅಂಗಡಿಯವನು "ತೀನ್ ಆದ್ಮೀ ಸಾಬ್, ಆರಾಮ್ ಸೇ" ಎಂದ. ಆ ಮೂವರು ಯಾವ ಗಾತ್ರದವರೆಂದು ನಾನು ಕೇಳಲಿಲ್ಲ.

ಡೇರೆ ಆರು ತಿಂಗಳು ದಿವಾನ್ ಮಂಚದ ಕೆಳಗೆ ಮಲಗಿತ್ತು. ಮೊದಲನೆಯ ಸಲ ಹೊರಟಾಗ ಹಾಸನದಿಂದ ಒಂದು ಸಂಸಾರ ಬಂತು. ಎರಡನೆಯ ಸಲ ಹರಿದ್ವಾರಕ್ಕೆ ಹೊರಟಿದ್ದ ನಾಲ್ವರು ಅಜ್ಜಿಯಂದಿರು ಬಂದರು. ಮೂರನೆಯ ಸಲ ಬಂದವನೊಬ್ಬ ಯಾರ ಕಡೆಯವನೆಂದು ನನಗೂ ನನ್ನ ಹೆಂಡತಿಗೂ ಇಂದಿಗೂ ಒಮ್ಮತವಿಲ್ಲ. ಪ್ರತಿಸಲವೂ ಮಗಳಿಗೆ ಮುಂದಿನ ತಿಂಗಳು ಎಂದು ಹೇಳಿದೆ. ಸಂಸತ್ತಿಗೆ ಉತ್ತರ ಬರೆದು ಪಳಗಿದ ಕೈ ನನ್ನದು. 'ವಿಷಯ ಪರಿಶೀಲನೆಯಲ್ಲಿದೆ' ಎಂಬುದನ್ನು ಹತ್ತು ರೀತಿಯಲ್ಲಿ ಹೇಳಬಲ್ಲೆ. ಮೂರನೆಯ ಸಲ ಅವಳು ಏನೂ ಕೇಳಲಿಲ್ಲ. ಅದು ನನಗೆ ಸರಿಬರಲಿಲ್ಲ.

ಅಕ್ಟೋಬರಿನಲ್ಲಿ, ದಸರಾ ರಜೆಗೆ, ನಾಲ್ಕನೆಯ ಸಲ ದಿನ ಗೊತ್ತುಮಾಡಿದೆವು. ಆ ವಾರವೇ ಚಳ್ಳಕೆರೆಯಿಂದ ಫೋನು ಬಂತು. ನನ್ನ ಹೆಂಡತಿಯ ಸೋದರತ್ತೆಯ ಮೈದುನ, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ಮತ್ತು ಅವರ ಪತ್ನಿ. ಸಂಬಂಧದ ಎಳೆಯನ್ನು ನಾನು ಬಿಡಿಸಿಕೊಳ್ಳುವಷ್ಟರಲ್ಲಿ ಅವರು ಬಂದೇ ಇಳಿದಿದ್ದರಿಂದ ಮಾವ, ಅತ್ತೆ ಎಂದು ಕರೆದುಬಿಟ್ಟೆವು.

"ಮೂರು ಸಲ ಆಯ್ತು ರೀ," ಎಂದಳು ಹೆಂಡತಿ ಅಡುಗೆಮನೆಯಲ್ಲಿ. "ಇನ್ನೊಂದು ಸಲ ಇಲ್ಲ ಅಂದ್ರೆ ಅವಳು ನಮ್ಮ ಮಾತು ಯಾವತ್ತೂ ನಂಬಲ್ಲ. ಅವರನ್ನೂ ಕರ್ಕೊಂಡೇ ಹೋಗೋಣ."

"ಎರಡು ದಿನ ರೈಲಲ್ಲಿ ಕೂತು ಬಂದವರನ್ನ ಕುರುಚಲು ಕಾಡಿಗಾ?"

"ದಿಲ್ಲಿ ದರ್ಶನದಲ್ಲಿ ಸೇರಿಸಿಬಿಡಿ."

ಮಗಳಿಗೆ ತಿಳಿಸಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಟೆಂಟ್ ಕಿಸ್‌ಕಾ?"

"ನಿಂದೇ."

"ಪ್ರಾಮಿಸ್?"

"ಪ್ರಾಮಿಸ್," ಎಂದೆ. ಆಗ ನಾನು ಅದನ್ನು ನಂಬಿಯೇ ಹೇಳಿದ್ದು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ಒಪ್ಪಿಕೊಳ್ಳಬೇಕು. ಅತಿಥಿಗಳ ಕಿವಿಗೆ ಬೀಳಬಾರದ ಮಾತನ್ನು ನಾವು ಅವರ ಎದುರಿಗೇ ಹಿಂದಿಯಲ್ಲಿ ಆಡುತ್ತಿದ್ದೆವು. ದಿಲ್ಲಿಯ ಕನ್ನಡದ ಮನೆಗಳೆಲ್ಲ ಇದನ್ನು ಮಾಡುತ್ತವೆ. ನಾವು ಮಾಡುವುದಿಲ್ಲ ಎನ್ನುವವರು ಅತಿಥಿಗಳ ಎದುರು ಹಾಗೆನ್ನುತ್ತಾರೆ. ಕನ್ನಡದಲ್ಲಿ "ಇನ್ನೊಂದು ಚಪಾತಿ ಹಾಕ್ಲಾ ಮಾವ?" ಎಂದು ಕೇಳಿ, ಅದೇ ಉಸಿರಿನಲ್ಲಿ ಹಿಂದಿಯಲ್ಲಿ ಹಿಟ್ಟು ಮುಗಿಯಿತೆಂದು ತಿಳಿಸುವುದರಲ್ಲಿ ನನ್ನ ಹೆಂಡತಿ ನಿಪುಣೆ. ಆ ನಾಲ್ಕು ದಿನ ಈ ಇಲಾಖೆ ಬಿಡುವಿಲ್ಲದೆ ಕೆಲಸ ಮಾಡಿತು. ಮಾವನವರ ಸ್ನಾನ ಮುಗಿದಾಗಲೆಲ್ಲ ನಾನು "ಪೂರಾ ಗೀಸರ್ ಖಾಲೀ" ಎಂದು ಪ್ರಕಟಿಸುತ್ತಿದ್ದೆ. "ಫಿರ್ ಸೇ ಕಾಫೀ?" ಎಂದು ಹೆಂಡತಿ ನಗುನಗುತ್ತಲೇ ನಿಟ್ಟುಸಿರು ಬಿಡುತ್ತಿದ್ದಳು. ಮಗಳು ದಿನಕ್ಕೆರಡು ಬಾರಿ "ಯೇ ಲೋಗ್ ಕಬ್ ಜಾಯೇಂಗೇ?" ಎಂದು ಅವರು ಹೊರಡುವ ದಿನವನ್ನು ವಿಚಾರಿಸುತ್ತಿದ್ದಳು. ಅತ್ತೆಯವರು ಮೆಂತ್ಯಸೊಪ್ಪು ಬಿಡಿಸುತ್ತ ಕೂತು ನಮ್ಮನ್ನೆಲ್ಲ ನೋಡಿ ಮುಗುಳುನಗುತ್ತಿದ್ದರು. "ಎಷ್ಟು ಸರಾಗ ಮಾತಾಡ್ತವೆ ಮಕ್ಕಳು," ಎಂದು ಒಮ್ಮೆ ಮೆಚ್ಚಿಕೊಂಡರು ಕೂಡ.

ಐದನೆಯ ದಿನ ಮಾರುತಿ ವ್ಯಾನಿನಲ್ಲಿ ಆರು ಜನ ಹೊರಟೆವು. ಮಾವನವರು ಆಗಲೇ ಕುತುಬ್ ಮಿನಾರ್, ಕೆಂಪುಕೋಟೆ, ಆಗ್ರಾ ಮುಗಿಸಿದ್ದರು.

"ಇವತ್ತು ಯಾವುದಪ್ಪಾ?"

"ಕಾಡು ಮಾವ."

"ಸಂತೋಷ. ಯಾರು ಕಟ್ಟಿಸಿದ್ದು?"

ಹೊಸ ಹೊಸ ಬಹುಮಹಡಿ ಕಟ್ಟಡಗಳು ಏಳುತ್ತಿದ್ದ ಗುಡಗಾಂವ್ ದಾಟಿ ಸೋಹ್ನಾ ರಸ್ತೆ ಹಿಡಿದೆವು. ನಮ್ಮ ಕಚೇರಿಯ ಡ್ರೈವರನ ಅಣ್ಣನಿಗೆ ಅರಾವಳಿಯ ಬುಡದಲ್ಲಿ ಸಜ್ಜೆಯ ಹೊಲವಿತ್ತು. ಅದರಾಚೆ ಬೆಟ್ಟದ ತನಕ ಯಾರೂ ಇಲ್ಲ. ಹೊಲದ ಅಂಚಿನಲ್ಲಿ ಒಂದು ರಾತ್ರಿ ಇರಲು ಅವನ ಅಪ್ಪಣೆ ಪಡೆದಿದ್ದೆ. ಕೊನೆಯ ಎರಡು ಕಿಲೋಮೀಟರನ್ನು ರಸ್ತೆ ಎಂದು ಕರೆಯುವುದು ಅವರವರ ಧಾರಾಳತನಕ್ಕೆ ಬಿಟ್ಟದ್ದು.

ಮಾವನವರು ಇಳಿದು ಸೊಂಟದ ಮೇಲೆ ಕೈಯಿಟ್ಟು ಸುತ್ತಲೂ ನೋಡಿದರು. ಒಂದು ಗಿಡದ ಹತ್ತಿರ ಹೋಗಿ ಕೊಂಬೆಯನ್ನು ಜೋಪಾನವಾಗಿ ಬಗ್ಗಿಸಿದರು.

"ಇದು ಬಳ್ಳಾರಿ ಜಾಲಿ."

"ಹೌದು ಮಾವ."

"ನಮ್ಮನೆ ಹಿತ್ತಿಲಲ್ಲಿ ಇದೆ."

"ಹೌದು ಮಾವ."

"ಅಲ್ಲಿ ಕಡಿಸೋಕೆ ಆಳು ಸಿಗ್ತಿಲ್ಲ," ಎಂದು ಕೊಂಬೆಯನ್ನು ಬಿಟ್ಟರು. ಅನಂತರ ವೃತ್ತಿಧರ್ಮ ಎಚ್ಚೆತ್ತಿತು. "ಇದು ಗೋಮಾಳವೋ, ಫಾರೆಸ್ಟೋ? ಖಾತೆ ಯಾರ ಹೆಸರಲ್ಲಿದೆ?"

ಡೇರೆ ಎಬ್ಬಿಸಲು ಮುಕ್ಕಾಲು ಗಂಟೆ ಹಿಡಿಯಿತು. ಚೀಲದಲ್ಲಿದ್ದ ಸೂಚನೆಯ ಹಾಳೆ ಚೀನೀ ಭಾಷೆಯಲ್ಲಿತ್ತು. ಚಿತ್ರಗಳಲ್ಲಿದ್ದ ಮನುಷ್ಯ ಮಾತ್ರ ಉದ್ದಕ್ಕೂ ನಗುತ್ತಿದ್ದ. ಮಗಳು ಒಂದೊಂದು ಗೂಟವನ್ನೂ ತಾನೇ ಹೊಡೆದಳು. ಅಷ್ಟರಲ್ಲಿ ಹೊಲದ ಯಜಮಾನ ಒಂದು ಚೊಂಬು ಮಜ್ಜಿಗೆ ಹಿಡಿದು ಬಂದ. ನಮ್ಮನ್ನೂ ಡೇರೆಯನ್ನೂ ವ್ಯಾನನ್ನೂ ನೋಡಿ, ಮನೆಯವರು ಹೊರಗೆ ಹಾಕಿದರೇ ಎಂದು ಅನುಕಂಪದಿಂದ ಕೇಳಿದ. ಮಕ್ಕಳ ಆಸೆಗೆ ಬಂದದ್ದು ಎಂದೆ. ಅವನು ನಂಬಿದಂತೆ ಕಾಣಲಿಲ್ಲ. ಏನಾದರೂ ಬೇಕಾದರೆ ಕೂಗಿ ಎಂದು ಹೇಳಿ ಹೋದ.

ಆ ಸಂಜೆ ಚೆನ್ನಾಗಿತ್ತೆಂದು ಹೇಳಲು ನನಗೆ ಅಡ್ಡಿಯಿಲ್ಲ. ದೂರದಲ್ಲಿ ನೀಲ್‌ಗಾಯ್‌ಗಳ ಹಿಂಡೊಂದು ನಮ್ಮನ್ನು ಕೆಲಹೊತ್ತು ನೋಡಿ, ಆಸಕ್ತಿ ಕಳೆದುಕೊಂಡು ಹೋಯಿತು. ಮಗ ಬೂಟಿನಲ್ಲಿ ಮರಳು ತುಂಬಿಕೊಂಡ. ಮಗಳು ಹತ್ತು ಸಲ ಡೇರೆಯ ಒಳಹೊಕ್ಕು ಜಿಪ್ ಎಳೆದು, ಮತ್ತೆ ತೆಗೆದು ಹೊರಬಂದಳು. ಒಳಗೆ ತನ್ನ ದಿಂಬು, ಟಾರ್ಚು, ನೀರಿನ ಬಾಟಲಿಯನ್ನು ಸಾಲಾಗಿ ಇಟ್ಟಿದ್ದಳು. ಹೆಂಡತಿ ಪಂಪ್ ಸ್ಟವ್ ಮೇಲೆ ಅನ್ನಕ್ಕಿಟ್ಟಳು. ಮನೆಯಿಂದ ತಂದ ಪುಳಿಯೋಗರೆ ಗೊಜ್ಜು ಇತ್ತು. ಸೂರ್ಯ ಮುಳುಗಿದ.

ಆಗ ನಾನು ಬಾಯಿ ತೆರೆದೆ.

"ಮಾವ, ನೀವೂ ಅತ್ತೆಯೂ ಒಳಗೆ ಮಲಗಿಬಿಡಿ. ಮಕ್ಕಳು ವ್ಯಾನಲ್ಲಿ ಮಲಗ್ತಾರೆ. ಅವಕ್ಕೆ ಅಭ್ಯಾಸ ಇದೆ."

ಇದನ್ನು ನಾನು ಯೋಚಿಸಿ ಹೇಳಿದ್ದಲ್ಲ. ಹನ್ನೆರಡು ವರ್ಷದಿಂದ ಅತಿಥಿಗಳನ್ನು ಕಂಡೊಡನೆ ಬರುತ್ತಿದ್ದ ಮಾತು, ಕಾಡಿನಲ್ಲೂ ತಾನಾಗಿ ಬಂತು. ನನ್ನ ಹೆಂಡತಿಯೂ ಯೋಚಿಸಲಿಲ್ಲ. ಅವಳು ಆಗಲೇ ಡೇರೆಯೊಳಗೆ ಬಗ್ಗಿ ಮಗಳ ದಿಂಬನ್ನು ಎತ್ತಿ ಹೊರಗಿಡುತ್ತಿದ್ದಳು.

ಮಗಳು ದಿಂಬು ನೋಡಿದಳು. ನನ್ನನ್ನು ನೋಡಿದಳು. ಅಳಲಿಲ್ಲ. ಯಾರ ಮುಖವನ್ನೂ ನೋಡದೆ, ವಾರ್ತೆ ಓದುವವರ ದನಿಯಲ್ಲಿ ಹೇಳಿದಳು: "ಘರ್ ಮೇಂ ಮೇರಾ ರೂಮ್ ಇನ್‌ಕೋ ದಿಯಾ. ಅಬ್ ಮೇರಾ ಟೆಂಟ್ ಭೀ ಇನ್‌ಕೋ. ಅಪ್ಪಾ ಕಾ ಪ್ರಾಮಿಸ್ ಸಿರ್ಫ್ ಮೆಹಮಾನ್ ಆನೇ ತಕ್ ಹೋತಾ ಹೈ."

ಮನೆಯಲ್ಲಿ ಅವಳ ಕೋಣೆ ಇವರಿಗೆ, ಈಗ ಅವಳ ಡೇರೆಯೂ ಇವರಿಗೆ; ಅತಿಥಿ ಬರುವವರೆಗೆ ಮಾತ್ರ ಅಪ್ಪನ ಮಾತಿಗೆ ಬೆಲೆ. ಹದಿನೇಳು ವರ್ಷದ ಸೇವೆಯಲ್ಲಿ ನನ್ನ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಯಾವ ಮೇಲಧಿಕಾರಿಯೂ ಬರೆದಿರಲಿಲ್ಲ.

"ಏನಂತೆ?" ಎಂದರು ಮಾವ.

"ಸೊಳ್ಳೆ ಜಾಸ್ತಿ ಅಂತಿದ್ದಾಳೆ ಮಾವ," ಎಂದಳು ನನ್ನ ಹೆಂಡತಿ ತಡವರಿಸದೆ.

ಮಾವನವರು ಪತ್ನಿಯ ಕಡೆ ತಿರುಗಿದರು. "ಸೊಳ್ಳೆಯಂತೆ ಕಣೇ."

ಅತ್ತೆಯವರು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ಸೆರಗು ಸರಿಮಾಡಿಕೊಂಡರು. "ಬೇಟೀ," ಎಂದರು, "ತುಮ್ಹಾರೀ ಬಾತ್ ಉಚಿತ್ ಹೈ. ಯಹ ತಂಬೂ ತುಮ್ಹಾರಾ ಹೈ. ಹಮ್ ಗಾಡೀ ಮೇಂ ಶಯನ್ ಕರೇಂಗೇ."

ನಿನ್ನ ಮಾತು ಸರಿ, ಡೇರೆ ನಿನ್ನದು, ನಾವು ಗಾಡಿಯಲ್ಲಿ ಮಲಗುತ್ತೇವೆ ಎಂದು ಅದರ ಅರ್ಥ. ಅಷ್ಟು ಶುದ್ಧವಾದ ಹಿಂದಿಯನ್ನು ನಮ್ಮ ಸಂಸಾರದಲ್ಲಿ ಯಾರೂ ಆಡಿರಲಿಲ್ಲ, ನಮ್ಮ ಬಡಾವಣೆಯಲ್ಲೂ ಆಡಿದವರು ನನಗೆ ಗೊತ್ತಿಲ್ಲ.

"ಅಜ್ಜಿಗೆ ಹಿಂದಿ ಬರತ್ತೆ!" ಎಂದು ಮಗ ಕೇಕೆ ಹಾಕಿದ. ಸಂತೋಷಪಟ್ಟವನು ಅವನೊಬ್ಬನೇ.

"ಇಪ್ಪತ್ತಾರು ವರ್ಷ ಹೈಸ್ಕೂಲಲ್ಲಿ ಹಿಂದಿ ಪಾಠ ಹೇಳಿದಾಳಪ್ಪ," ಎಂದರು ಮಾವ. ಅವರು ಶಿರಸ್ತೇದಾರರೆಂಬುದು ನಮಗೆ ಗೊತ್ತಿತ್ತು. ಆಕೆ ಏನು ಮಾಡುತ್ತಿದ್ದರೆಂದು ನಾಲ್ಕು ದಿನದಲ್ಲಿ ನಾವ್ಯಾರೂ ಕೇಳಿರಲಿಲ್ಲ.

"ಮತ್ತೆ... ಮೊದಲೇ ಹೇಳಬಹುದಿತ್ತಲ್ಲ ಅತ್ತೆ," ಎಂದಳು ನನ್ನ ಹೆಂಡತಿ. ಅವಳ ದನಿ ಸಜ್ಜೆಯ ಹೊಲದ ಆಚೆಯಿಂದ ಬಂದಂತಿತ್ತು.

"ಮೊದಲನೇ ದಿನಾನೇ ಹೇಳೋಣ ಅಂತಿದ್ದೆ ಕಣಮ್ಮಾ. ಅಷ್ಟರಲ್ಲಿ ನಿನ್ನ ಯಜಮಾನರು ಗೀಸರಿನ ಮಾತು ಆಡಿಬಿಟ್ರು. ಆಮೇಲೆ ಹೇಗೆ ಹೇಳೋದು? ನಿಮಗೇ ನಾಚಿಕೆ ಆಗುತ್ತಲ್ಲ."

"ನಂಗೂ ಬಾಯಿ ಬಿಡ್ಬೇಡಿ ಅಂದ್ಲು," ಎಂದರು ಮಾವ. "ನಾನು ಸ್ನಾನಾನೂ ಕಮ್ಮಿ ಮಾಡಿದ್ದೆ. ನಿಮಗೆ ಗೊತ್ತಾಗ್ಲಿಲ್ಲವೇನೋ."

ನಾನೂ ನನ್ನ ಹೆಂಡತಿಯೂ ನಾಲ್ಕು ದಿನದ ಮಾತುಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ತಿರುವಿ ಹಾಕತೊಡಗಿದೆವು. ಕಾಫಿ. ಹಿಟ್ಟು. ಆಗ್ರಾದಿಂದ ಬರುವಾಗ ಅವರ ಚಕ್ಕುಲಿಯ ಬಗ್ಗೆ ನಾನು ಆಡಿದ್ದು. ಅನ್ನ ತಳ ಹಿಡಿಯಿತು. ಯಾರೂ ಏಳಲಿಲ್ಲ.

ಕೊನೆಗೆ ಏಳಬೇಕಾಯಿತು, ಏಕೆಂದರೆ ಮೂಲ ಪ್ರಶ್ನೆ ಇತ್ಯರ್ಥವಾಗಿರಲಿಲ್ಲ. ಹೆಂಡತಿ ದಿಂಬನ್ನು ಮರಳಿ ಡೇರೆಯೊಳಗಿಟ್ಟಳು. "ಆದರೆ ಒಬ್ಬಳೇ ಬೇಡ ಪುಟ್ಟಾ. ಅಜ್ಜಿ ಜೊತೆಗಿರಲಿ. ಎಷ್ಟೊಂದು ಜಾಗ ಇದೆ."

ಮಗಳು ಪೇಚಿಗೆ ಸಿಕ್ಕಿದಳು. ಡೇರೆ ಬಿಟ್ಟುಕೊಟ್ಟವರನ್ನೇ ಹೊರಗಿಡುವುದು ಹೇಗೆಂದು ಅವಳ ಮುಖದಲ್ಲಿ ಕಾಣುತ್ತಿತ್ತು. ಬೆರಳಿನಲ್ಲಿ ಜಿಪ್ಪಿನ ತುದಿಯನ್ನು ಹಿಡಿದುಕೊಂಡೇ ನಿಂತಿದ್ದಳು.

"ನಾನು ಬರಲ್ಲಮ್ಮ," ಎಂದರು ಅತ್ತೆ. "ನಾನು ಬಂದ್ರೆ ಅತಿಥಿ ಬಂದ ಹಾಗೇ ಆಯ್ತು. ಅವಳು ಕೇಳಿದ್ದು ಅದಲ್ಲ."

"ಆದ್ರೂ ಅತ್ತೆ, ಕಾಡು..."

ಮಾವನವರು ಕೆಮ್ಮಿ ತೀರ್ಪು ಕೊಟ್ಟರು. "ಸ್ವಾಧೀನ ಯಾರದೋ ಅವರದೇ. ವ್ಯಾನನ್ನ ಹತ್ತಿರ ತಂದು ನಿಲ್ಸು. ಡೇರೆ ಕಡೆ ಬಾಗಿಲು ತೆಗೆದಿರಲಿ. ಮಧ್ಯೆ ಒಂದು ಮಾರು. ಮೇಲ್ಮನವಿ ಇಲ್ಲ."

ವ್ಯಾನನ್ನು ಹತ್ತಿರ ತಂದೆ. ಮಗಳು ತಮ್ಮನನ್ನು ಒಮ್ಮೆ ನೋಡಿದಳು. ಅವನು ಆಗಲೇ ಅತ್ತೆಯವರ ತೊಡೆಯ ಮೇಲೆ ತಲೆಯಿಟ್ಟು ಕಥೆ ಕೇಳುತ್ತಿದ್ದ, ಅದೂ ಹಿಂದಿಯಲ್ಲಿ. ಅವಳು ಒಳಗೆ ಹೋಗಿ ಜಿಪ್ ಎಳೆದುಕೊಂಡಳು. ಟಾರ್ಚಿನ ಬೆಳಕು ನೀಲಿ ಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಓಡಾಡಿತು.

"ಅಪ್ಪಾ?"

"ಏನು ಪುಟ್ಟಾ?"

"ಕುಛ್ ನಹೀಂ. ಚೆಕ್ ಮಾಡ್ದೆ."

ಟಾರ್ಚು ಆರಿತು. ಮಾವ ಮತ್ತು ಅತ್ತೆ ಹಿಂದಿನ ಸೀಟಿನಲ್ಲಿ ಕೂತೇ ಒರಗಿದರು. ಹೆಂಡತಿ ಮಗನನ್ನು ಮೇಲೆ ಹಾಕಿಕೊಂಡು ನಡುವಿನ ಸೀಟಿನಲ್ಲಿ ಮುದುಡಿಕೊಂಡಳು. ನಾನು ಸ್ಟಿಯರಿಂಗ್ ಹಿಂದೆ, ಮಂಡಿಗಳನ್ನು ಎಲ್ಲಿಡುವುದೆಂದು ತಿಳಿಯದೆ ಉಳಿದೆ. ಆ ರಾತ್ರಿ ಡೇರೆಯಲ್ಲಿ ಒಬ್ಬಳು ಮಲಗಿದಳು, ವ್ಯಾನಿನಲ್ಲಿ ಐವರು.