ಬನ್ನಿ ಕೊಟ್ಟು ಹೋದ ಕೂಸು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಎದುರಿಗೇ ನಕ್ಕುಬಿಡುತ್ತಿದ್ದೆ. ಮಕ್ಕಳಿಗೆ ವಿಜ್ಞಾನ ಕಲಿಸುವವಳು ನಾನು. ಕಣ್ಣಾರೆ ಕಾಣದ್ದನ್ನು ನಂಬಬೇಡಿ ಎಂದು ವರ್ಷವಿಡೀ ಹೇಳುವವಳು. ಈಗ ಹೇಳಹೊರಟಿರುವುದರಲ್ಲೂ ನಾನು ಕಣ್ಣಾರೆ ಕಂಡದ್ದು ಏನೂ ಇಲ್ಲ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆರೇಳು ವರ್ಷದ ಹಿಂದಿನ ದಸರೆ. ಆಗ ನಾವು ಕೇಶ್ವಾಪುರದ ಒಂದು ಓಣಿಯಲ್ಲಿದ್ದೆವು. ದಸರೆಯ ಸಂಜೆ ಮಕ್ಕಳು ಮನೆಮನೆಗೆ ಹೋಗಿ ಹಿರಿಯರ ಕೈಗೆ ಬನ್ನಿ ಎಲೆ ಕೊಟ್ಟು, ಕಾಲಿಗೆ ಬಿದ್ದು, ಉಂಡಿ ಇಸಿದುಕೊಂಡು ಬರುವುದು ರೂಢಿ. ಆ ವರ್ಷ ಮಾತ್ರ ತಾಯಂದಿರು ಅಂಜಿದ್ದರು. ಎರಡು ತಿಂಗಳ ಹಿಂದೆಯಷ್ಟೇ ಗಿರಿಜಕ್ಕನವರ ಒಬ್ಬಳೇ ಮಗಳು, ಒಂಬತ್ತು ವರ್ಷದ ಪಲ್ಲವಿ, ಓಣಿಯ ತುದಿಯಲ್ಲಿ ರಸ್ತೆ ದಾಟುವಾಗ ಟೆಂಪೋಗೆ ಸಿಕ್ಕು ತೀರಿಕೊಂಡಿದ್ದಳು.

ನಾನೇ ಕರೆದುಕೊಂಡು ಹೋಗುತ್ತೇನೆಂದೆ. ಆರು ಮಕ್ಕಳು. ಇಬ್ಬಿಬ್ಬರು ಕೈ ಹಿಡಿದಿರಬೇಕು, ನನ್ನನ್ನು ಬಿಟ್ಟು ಯಾವ ಬಾಗಿಲಿಗೂ ಹೋಗಬಾರದು ಎಂದು ತಾಕೀತು ಮಾಡಿದೆ. ಪ್ರತಿ ಮನೆಯಿಂದ ಹೊರಬಿದ್ದಾಗಲೂ ತಲೆ ಎಣಿಸಿದೆ. ಗಿರಿಜಕ್ಕನವರ ಮನೆಯಲ್ಲಿ ಹಬ್ಬವಿರಲಿಲ್ಲ. ಬಾಗಿಲ ದೀಪವನ್ನೂ ಹಚ್ಚಿರಲಿಲ್ಲ. ಮಕ್ಕಳನ್ನು ಕಂಡರೆ ಅವರ ಸಂಕಟ ಹೆಚ್ಚೀತೆಂದು ಸದ್ದಿಲ್ಲದೆ ಮುಂದೆ ದಾಟಿಸಿದೆ.

ಎಲ್ಲರನ್ನೂ ಮನೆ ಮುಟ್ಟಿಸಿ ತಿರುಗಿ ಬರುವಾಗ ಗಿರಿಜಕ್ಕ ಹೊಸ್ತಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಬನ್ನಿ ಎಲೆ, ಇನ್ನೊಂದರಲ್ಲಿ ಬೆಲ್ಲದ ತುಣುಕು.

"ಅಕ್ಕೋರ, ಸಣ್ಣ ಕೂಸನ್ನ ಒಂದನ್ನ ಯಾಕ ಕಳಿಸಿದ್ರಿ?" ಧ್ವನಿಯಲ್ಲಿ ಸಿಟ್ಟಿತ್ತು. "ಬನ್ನಿ ಕೊಟ್ಟು ಕಾಲಿಗೆ ಬಿತ್ತರಿ. ಕತ್ತಲಾಗ ಮುಖ ಕಾಣಲಿಲ್ಲ. ಬೆಲ್ಲ ತರೂದ್ರಾಗ ಹೋಗಿಬಿಟ್ಟಿತ್ತು. ರಸ್ತಾ ಕಡೆ ಹೋಗಿದ್ರ ಏನ್ ಗತಿರಿ?"

"ನಾ ಯಾರನ್ನೂ ಕಳಿಸಿಲ್ಲರಿ..." ಎನ್ನುತ್ತಲೇ ರಸ್ತೆಯವರೆಗೆ ಓಡಿದೆ. ಪಾನ್ ಅಂಗಡಿಯವರು ಯಾವ ಮಗುವನ್ನೂ ನೋಡಿರಲಿಲ್ಲ. ಆರೂ ಮನೆಗಳ ಬಾಗಿಲು ತಟ್ಟಿದೆ. ಮಕ್ಕಳು ಊಟಕ್ಕೆ ಕುಳಿತಿದ್ದರು. ಉಳಿದ ಮನೆಗಳಲ್ಲೂ ಕೇಳಿದೆ. ಓಣಿಯ ಯಾವ ಮಗುವೂ ಒಂಟಿಯಾಗಿ ಹೊರಗೆ ಬಿದ್ದಿರಲಿಲ್ಲ. ಬೇರೆ ಓಣಿಯದಿರಬಹುದು ಎಂದುಕೊಂಡೆ. ಇಂದಿಗೂ ಒಮ್ಮೊಮ್ಮೆ ಹಾಗೆಯೇ ಅಂದುಕೊಳ್ಳುತ್ತೇನೆ. ಆದರೆ ಊರೆಲ್ಲ ದೀಪ ಹಚ್ಚಿದ್ದ ಸಂಜೆ, ಪರ ಓಣಿಯ ಮಗು ಆ ಒಂದು ಕತ್ತಲ ಬಾಗಿಲನ್ನೇ ಏಕೆ ಹುಡುಕಿಕೊಂಡು ಬಂದೀತು?

ಮರಳಿ ಬಂದಾಗ ಗಿರಿಜಕ್ಕ ಇನ್ನೂ ಅಲ್ಲಿಯೇ ನಿಂತಿದ್ದರು.

"ಮನಿ ಮುಟ್ಟಿತೇನ್ರಿ ಅದು?"

"ಮುಟ್ಟಿದಳ್ರಿ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಹೊಸ್ತಿಲ ಮೇಲೆ ಕುಸಿದು ಕುಳಿತು ಅತ್ತರು. ಮಗಳು ಹೋದ ದಿನವೂ ಅಳದೆ ಕಲ್ಲಾಗಿದ್ದ ಹೆಂಗಸು. ನಾನು ಪಕ್ಕದಲ್ಲೇ ಕುಳಿತೆ.

ಅವರು ಕೂಸು ಎಂದಷ್ಟೇ ಹೇಳಿದ್ದರು, ಹೆಣ್ಣೋ ಗಂಡೋ ಹೇಳಿರಲಿಲ್ಲ. ನನ್ನ ಬಾಯಲ್ಲಿ 'ಮುಟ್ಟಿದಳು' ಎಂದು ಹೇಗೆ ಬಂತೋ, ನಾನು ಆಡಿದ್ದು ಸುಳ್ಳೋ ಖರೆಯೋ, ಇವತ್ತಿಗೂ ನನಗೆ ತಿಳಿದಿಲ್ಲ.