ಬಾಗಿಲಲ್ಲಿ ಅಮರಮ್ಮ

ಕಾಯುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಬಹಳ ವರ್ಷ ನಂಬಿದ್ದೆ. ನಂಬುವುದಕ್ಕೆ ಕಾರಣವೂ ಇತ್ತು. ಮಸ್ಕಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಗಿರಣಿ ಎಂದರೆ ಅರ್ಧ ಬೀಸುವುದು, ಅರ್ಧ ಕಾಯುವುದು. ಕರೆಂಟು ಬರುವವರೆಗೆ ನಾನು ಕಾಯುತ್ತೇನೆ, ಬಂದ ಮೇಲೆ ಜನ ಕಾಯುತ್ತಾರೆ. ಜನ ಎಂದೆನಲ್ಲ, ನಿಜವಾಗಿ ಕಾಯುವುದು ಅವರ ಡಬ್ಬಿಗಳು. ಜೋಳದ ಡಬ್ಬಿಯನ್ನು ಪಾಳಿಗಿಟ್ಟು ಹೆಣ್ಣುಮಕ್ಕಳು ಸಂತೆಗೆ ಹೋಗಿಬಿಡುತ್ತಾರೆ. ಡಬ್ಬಿ ತನ್ನ ಒಡತಿಯ ಪರವಾಗಿ ಒಂದು ಮಾತೂ ಆಡದೆ ನಿಂತಿರುತ್ತದೆ. ಮನುಷ್ಯರ ಪಾಳಿಯನ್ನು ನಮ್ಮಲ್ಲಿ ಮುರಿಯುತ್ತಾರೆ, ಡಬ್ಬಿಯ ಪಾಳಿಯನ್ನು ಯಾರೂ ಮುರಿಯುವುದಿಲ್ಲ.

ಹಾಗೆ ನೋಡಿದರೆ ನಮ್ಮ ಊರೇ ಕಾಯುವ ಊರು. ಗುಡ್ಡದ ಬಂಡೆಯ ಮೇಲೆ ಹಿಂದೊಬ್ಬ ಚಕ್ರವರ್ತಿ ಬರೆಸಿದ ಅಕ್ಷರಗಳಿವೆ. ಅದರ ಪಕ್ಕದಲ್ಲಿ ಎಷ್ಟೋ ತಲೆಮಾರಿನವರು ಕುರಿ ಮೇಯಿಸಿದರು, ಓದಿದವರು ಮಾತ್ರ ಇರಲಿಲ್ಲ. ಬಂಡೆಗೆ ಅವಸರವೂ ಇರಲಿಲ್ಲ. ಕೊನೆಗೊಂದು ದಿನ ಯಾರೋ ಬಂದು ಓದಿದರು, ಊರು ಪುಸ್ತಕ ಸೇರಿತು. ಆ ಚಕ್ರವರ್ತಿ ಮನುಷ್ಯರಿಗೂ ದನಕರುಗಳಿಗೂ ಔಷಧೋಪಚಾರದ ಏರ್ಪಾಡು ಮಾಡಿಸಿದ್ದನೆಂದು ಶಾಲೆಯಲ್ಲಿ ಮಾಸ್ತರರು ಹೇಳಿದ್ದರು. ರೋಗಿಯ ಜೊತೆ ಬಂದವರು ಎಲ್ಲಿ ಮಲಗುತ್ತಿದ್ದರು ಎಂದು ಆಗ ನನಗೆ ಕೇಳಬೇಕೆನಿಸಲಿಲ್ಲ. ಆ ಪ್ರಶ್ನೆ ಹುಟ್ಟಿದ್ದು ತಲೆ ನೆರೆತ ಮೇಲೆ, ಸಿಂಧನೂರಿನ ಆಸ್ಪತ್ರೆಯೊಂದರ ಅಂಗಳದ ಬೇವಿನ ಮರದ ಕೆಳಗೆ.

ನನ್ನ ಹೆಂಡತಿ ಅಮರಮ್ಮನಿಗೆ ಮೂತ್ರಪಿಂಡದ ಬೇನೆ ಬಂದಿತ್ತು. ಮಸ್ಕಿಯಿಂದ ಸಿಂಧನೂರಿಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಅವಳು ಒಳಗೆ ಯಂತ್ರದ ಪಕ್ಕ ಮಲಗಿದ್ದರೆ ನಾನು ಹೊರಗೆ ಮರದ ಕೆಳಗೆ. ಆ ಮರದ ಕೆಳಗೆ ಒಂದು ಸಣ್ಣ ಊರೇ ಇತ್ತು. ಮೂರು ಕಲ್ಲಿನ ಒಲೆ, ಟವೆಲ್ಲಿನ ತೊಟ್ಟಿಲು, ಹೊಲಿಗೆ ಇನ್ನೂ ಬಿಚ್ಚದ ಬಾಣಂತಿ, ಪ್ಲಾಸ್ಟರ್ ಕಾಲು ಚಾಚಿದ ಗಂಡಸು. ಡಾಕ್ಟರು ಇವರನ್ನು ಮನೆಗೆ ಕಳಿಸಿದ್ದಾರೆ, ಆದರೆ ನಾಡಿದ್ದು ಮತ್ತೆ ಬರಬೇಕು ಎಂದಿದ್ದಾರೆ. ಲಿಂಗಸುಗೂರು ದಾಟಿ ಊರು ಮುಟ್ಟಿ, ಬಸ್ಸಿನಲ್ಲಿ ಹೊಲಿಗೆ ಅಲುಗಾಡಿಸಿಕೊಂಡು ಮತ್ತೆ ಬರುವುದಕ್ಕಿಂತ ಇಲ್ಲೇ ಇದ್ದರಾಯಿತು ಎಂದು ಉಳಿದವರು.

ಒಂದು ದಿನ ಹಾಸಿಗೆಯಲ್ಲಿ ಮಲಗಿಕೊಂಡೇ ಅಮರಮ್ಮ ಕೇಳಿದಳು, "ಏನ್ರೀ, ಅವರಿಗೆಲ್ಲಾ ಒಂದು ಮನಿ ಮಾಡೂಣೇನು?"

"ಮೊದ್ಲ ನೀ ಆರಾಮಾಗು."

"ನಾ ಆರಾಮಾಗೂದಕ್ಕೂ ಅದಕ್ಕೂ ಏನ್ ಸಂಬಂಧ? ಎರಡೂ ಕೂಡೇ ನಡೀಲಿ."

ಎರಡೂ ಕೂಡಿ ನಡೆಯಲಿಲ್ಲ. ಒಂದು ಅಲ್ಲಿಗೇ ನಿಂತಿತು. ಇನ್ನೊಂದನ್ನಾದರೂ ನಡೆಸಬೇಕೆಂದು ನಾನು ಎದ್ದೆ.

ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ನೆಲ್ಲಿನ ವ್ಯಾಪಾರದ ಸಾವುಕಾರರೊಬ್ಬರ ಹಳೆಯ ಗೋದಾಮು ಇತ್ತು. ಗಟ್ಟಿ ಗೋಡೆ, ಎರಡು ಕೋಣೆ, ಒಂದು ದೊಡ್ಡ ಪಡಸಾಲೆ. ನಾನು ಕೇಳಿದಾಗ ಅವರು ಬಾಡಿಗೆಯ ಮಾತನ್ನೇ ಎತ್ತಲಿಲ್ಲ. ಒಂದೇ ಕರಾರು ಹೇಳಿದರು. "ನೋಡ್ರಿ ವೀರಣ್ಣ, ಯುಗಾದಿ ತನಕ ನಿಮ್ಮದು. ಜನ ಬಂದ್ರ ಮುಂದೂ ನಿಮ್ಮದ. ಬರಲಿಲ್ಲಂದ್ರ ಬ್ಯಾಸಗಿ ನೆಲ್ಲು ತುಂಬಸ್ತೀನಿ. ಖಾಲಿ ಮನಿಗೆ ಇಲಿ ಬರ್ತಾವ, ಪುಣ್ಯ ಬರೂದಿಲ್ಲ."

ಅಲ್ಲಿಂದ ಕಾಯುವುದು ಶುರುವಾಯಿತು. ಪರವಾನಗಿಗೆ ಕಾದೆ, ಕರೆಂಟಿನ ಮೀಟರಿಗೆ ಕಾದೆ, ನಳಕ್ಕೆ ಕಾದೆ, ನಳ ಬಂದ ಮೇಲೆ ನೀರಿಗೆ ಕಾದೆ. ಯಾರ ಮೇಲೂ ನನಗೆ ದೂರಿಲ್ಲ. ತುರ್ವಿಹಾಳದ ಕಡೆ ಕಾಲುವೆಯ ಕೊನೆಯ ಹೊಲದವರನ್ನು ನೋಡಿದ್ದೇನೆ. ಮೇಲಿನವರದ್ದೆಲ್ಲ ಮುಗಿದು ನೀರು ತಮ್ಮ ತೂಬಿಗೆ ಬರುವ ತನಕ ದಂಡೆಯ ಮೇಲೆ ಬೀಡಿ ಸೇದುತ್ತ ಕೂತಿರುತ್ತಾರೆ. ಬೈಯುತ್ತಾರೆ, ಆದರೆ ಎದ್ದು ಹೋಗುವುದಿಲ್ಲ. ಎದ್ದು ಹೋದ ಹೊತ್ತಿಗೇ ನೀರು ಬರುತ್ತದೆ ಎಂಬುದು ಅವರಿಗೆ ಗೊತ್ತು. ನಾನೂ ಬಗಲಲ್ಲಿ ಚೀಲ ಇಟ್ಟುಕೊಂಡು ಕಚೇರಿಯ ಬೆಂಚುಗಳ ಮೇಲೆ ಹಾಗೆಯೇ ಕೂತೆ. ನಮ್ಮ ಕಡೆ ಇದಕ್ಕೆ ಸಬೂರಿ ಎನ್ನುತ್ತಾರೆ. ನಿಜಾಮರ ಕಾಲದಲ್ಲಿ ಬಂದು ನಮ್ಮಲ್ಲೇ ನೆಲೆಸಿದ ಮಾತು. ನಿಜಾಮರು ಹೋದರು, ಸಬೂರಿ ಉಳಿಯಿತು. ಅದಿಲ್ಲದೆ ನಮ್ಮ ಸೀಮೆಯಲ್ಲಿ ಒಂದು ಕೆಲಸವೂ ಆಗುವುದಿಲ್ಲ ನೋಡಿ.

ಅಂತೂ ಒಂದು ಒಳ್ಳೆಯ ದಿನ ಮನೆ ತೆರೆಯಿತು. ಅಮರಮ್ಮನ ತಂಗಿ ನಾಗಮ್ಮ ಲಿಂಗಸುಗೂರಿನಿಂದ ಬಂದಳು, ಬರುವಾಗ ಒಂದು ಫೋಟೊ ತಂದಳು. ಆಳೆತ್ತರದ ಫೋಟೊ. ಅಲ್ಲಿಯ ಸ್ಟುಡಿಯೋದವರು ಅಕ್ಕರೆಯಿಂದ ಮಾಡಿಕೊಟ್ಟಿದ್ದರು. ಅಮರಮ್ಮನ ಸೀರೆಗೆ ಹಸಿರು ಬಣ್ಣ ಬಂದಿತ್ತು. ಬದುಕಿದ್ದಾಗ ನಾನು ಮಾಡಿಸಿಕೊಡದ ನಾಲ್ಕೆಳೆ ಸರ ಕೊರಳಲ್ಲಿತ್ತು. ಹಿಂದೆ ಮೋಡ, ಕೆಳಗೆ ಕಮಲ. ಅದನ್ನು ಬಾಗಿಲ ಎದುರಿಗೇ, ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವಂತೆ ಇಟ್ಟೆವು. ಶ್ರೀಗಂಧದ ಹಾರ ಹಾಕಿದೆವು, ಮೇಲೊಂದು ಕೆಂಪು ದೀಪ. ಹೊರಗಿನ ಬೋರ್ಡಿನಲ್ಲಿ "ದಿವಂಗತ ಅಮರಮ್ಮನವರ ಸ್ಮರಣಾರ್ಥ" ಎಂದು ಬರೆಸಿದೆವು. ಸತ್ತವರ ಹೆಸರಿನಲ್ಲಿ ಮಾಡುವ ಕೆಲಸ ನಮ್ಮಲ್ಲಿ ಹೀಗೆಯೇ ಶುರುವಾಗಬೇಕು. ಇನ್ನೊಂದು ರೀತಿ ಇದೆಯೆಂದು ನಮಗಿಬ್ಬರಿಗೂ ಹೊಳೆಯಲೇ ಇಲ್ಲ.

ಗಿರಣಿಯನ್ನು ಅಣ್ಣನ ಮಗನಿಗೆ ಒಪ್ಪಿಸಿ, ಒಗೆದ ಅಂಗಿ ಹಾಕಿಕೊಂಡು, ಬೀಗರ ದಾರಿ ಕಾಯುವ ಹೆಣ್ಣಿನ ತಂದೆಯಂತೆ ಬಾಗಿಲಲ್ಲಿ ಕೂತೆ. ಮೊದಲು ಬಂದ ಅತಿಥಿ ಒಂದು ಮೇಕೆ. ಹಾರ ಗಂಧದ್ದೆಂದು ತಿಳಿದ ಮೇಲೆ ಅದೂ ಹೋಯಿತು.

ಜನ ಬರಲಿಲ್ಲ ಎಂದರೆ ತಪ್ಪಾಗುತ್ತದೆ. ಬಂದರು. ಗಂಟು ಹಿಡಿದು ಬಾಗಿಲ ತನಕ ಬಂದು, ಒಳಗೆ ಇಣುಕಿ, "ಆಮ್ಯಾಲ ಬರ್ತೀವ್ರಿ" ಎಂದು ತಿರುಗಿ ಹೋದರು. ಸಂಕೋಚದ ಜನ ಎಂದುಕೊಂಡೆ. ಬಾಡಿಗೆ ಕೇಳುತ್ತೇನೆಂಬ ಅಂಜಿಕೆ ಇರಬಹುದೆಂದು ಬೋರ್ಡಿನ ಕೆಳಗೆ "ಉಚಿತ" ಎಂದು ಬರೆಸಿದೆ. ಜಾತಿಯ ಅನುಮಾನವಿರಬಹುದೆಂದು "ಎಲ್ಲರಿಗೂ" ಎಂದು ಸೇರಿಸಿದೆ. ಒಳಗೆ ಕತ್ತಲೆ ಇರಬಹುದೆಂದು ಫೋಟೊದ ಮೇಲೆ ಇನ್ನೂ ದೊಡ್ಡ ದೀಪ ಹಾಕಿಸಿದೆ. ಮನೆಗೆ ಕಳೆ ಬರಲೆಂದು ದಿನಾ ತಾಜಾ ಚೆಂಡುಹೂವಿನ ಹಾರ, ಎರಡೂ ಹೊತ್ತು ಊದಿನಕಡ್ಡಿ. ನನ್ನ ಸತ್ಕಾರ ಹೆಚ್ಚಿದಷ್ಟೂ ಜನ ದೂರದಿಂದಲೇ ತಿರುಗತೊಡಗಿದರು. ಇತ್ತ ಯುಗಾದಿ ಹತ್ತಿರ ಬರುತ್ತಿತ್ತು. ಸಾವುಕಾರರ ಹಮಾಲರು ಬಂದು, ಚೀಲ ಎಲ್ಲಿಂದ ಎಲ್ಲಿಗೆ ಒಟ್ಟಬಹುದೆಂದು ನನ್ನ ಎದುರಿಗೇ ಗೋಡೆಯ ಅಂದಾಜು ಹಾಕಿ ಹೋದರು.

ಆ ದಿನ ನಾನು ಬಾಗಿಲು ಬಿಟ್ಟು ಎದ್ದೆ. ಬೇವಿನ ಮರದ ಕೆಳಗೆ ಹೋದೆ. ಅಲ್ಲಿ ಗುರುಗುಂಟಾದ ಹನುಮವ್ವ ಎಂಬ ಮುದುಕಿ ಮಗನಿಗೆ ಗಂಜಿ ಕುಡಿಸುತ್ತಿದ್ದಳು. ಮಗ ಟ್ರ್ಯಾಕ್ಟರಿನ ಟ್ರಾಲಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ.

"ಅವ್ವಾ, ಹಿಂದಿನ ಓಣ್ಯಾಗ ಮನಿ ಐತಿ. ಯಾಕ ಬರವಲ್ಲಿರಿ?" ಎಂದೆ.

"ಬಂದಿದ್ದೆ ತಗೋಪಾ. ಬಾಗಿಲ ತನಕ ಬಂದಿದ್ದೆ."

"ಮತ್ತ?"

"ಮತ್ತೇನು, ಅಲ್ಲಿ ನಿಮ್ಮಾಕಿ ಹಾರ ಹಾಕ್ಕೊಂಡು ಕುಂತಾಳ. ಊದಿನಕಡ್ಡಿ ಹೊಗಿ ಬ್ಯಾರೆ. ನನ್ನ ಮಗಂದು ಕಾಲು ಅಷ್ಟ ಮುರದೈತಿ, ಜೀವ ಗಟ್ಟಿ ಐತಿ. ಅಂಥಲ್ಲಿ ಒಯ್ದು ಮಲಗಿಸಿದ್ರ ಅಂವ ಏನ್ ತಿಳ್ಕೋಬೇಕು?"

ನನಗೆ ಸಿಟ್ಟು ಬಂತು. "ಮುತ್ತೈದಿಯಾಗಿ ಹೋದಾಕಿ ಅವ್ವಾ ಅಕಿ. ಅಂಥವ್ರ ಮುಖ ನೋಡಿದ್ರ ಛಲೋ ಅಂತಾರ."

"ಛಲೋ ಹೌದು, ಮನ್ಯಾಗ. ನಾಳಿ ಆಪರೇಶನ್ ಇದ್ದವ್ರಿಗೆ ಅಲ್ಲ." ಮಗನ ಬಾಯಿ ಒರೆಸಿ ಅವಳು ನನ್ನ ಕಡೆ ತಿರುಗಿದಳು. "ನೀ ಸಿಟ್ಟಾಗಬ್ಯಾಡ. ನಿನ್ನ ಹೆಂಡ್ತಿನ್ನ ದವಾಖಾನಿಗೆ ಕರಕೊಂಡು ಬಂದ ದಿನ ಬಾಗಿಲಾಗ ಹಿಂಥಾ ಫೋಟೊ ಇಟ್ಟಿದ್ರ, ನೀ ಆಕಿನ್ನ ಒಳಗ ಕರಕೊಂಡು ಹೊಕ್ಕಿದ್ದೇನು?"

ಅಮರಮ್ಮನನ್ನು ಮೊದಲ ಸಲ ಕರೆತಂದ ದಿನ ದಾರಿಯಲ್ಲಿ ಹೆಣದ ಮೆರವಣಿಗೆ ಎದುರಾಗಿತ್ತು. ಅವಳಿಗೆ ಕಾಣದಂತೆ ಆಟೋವನ್ನು ಇನ್ನೊಂದು ಓಣಿಗೆ ತಿರುಗಿಸಿದವನು ನಾನೇ.

ಫೋಟೊ ತೆಗೆಯುವುದು ನನಗೆ ಕಷ್ಟವಾಗಿತ್ತು, ನಾಗಮ್ಮನಿಗೆ ಹೇಳುವುದು ಇನ್ನೂ ಕಷ್ಟ. ಲಿಂಗಸುಗೂರಿಗೆ ಹೋಗಿ, ಎರಡು ಸಲ ಚಹಾ ಕುಡಿದ ಮೇಲೆ ಹೇಳಿದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಅಂದ್ರ ನಮ್ಮಕ್ಕನ ಮುಖ ಅಪಶಕುನ ಆತೇನ್ ಮಾವ?"

"ಮುಖ ಅಲ್ಲ ನಾಗವ್ವ, ಹಾರ."

"ಆಕಿ ಹೆಸರಿಲೆ ಮಾಡಿದ ಮನ್ಯಾಗ ಆಕಿಗೇ ಜಾಗ ಇಲ್ಲಂದ್ರ ಹೆಂಗ?"

"ಆಕಿ ಫೋಟೊದ ಮುಂದ ನೆಲ್ಲಿನ ಚೀಲ ಒಟ್ಟತಾರಂತ. ಚೀಲಕ್ಕ ಹಾರ ನಡೀತೈತಿ, ಅದಕ್ಕೇನು ಅಂಜಿಕಿ ಇಲ್ಲ. ಆಕಿ ಇದ್ದಿದ್ರ ಚೀಲ ಬೇಕಂತಿದ್ಲೋ, ಜನ ಬೇಕಂತಿದ್ಲೋ, ನೀನ ಹೇಳು."

ನಾಗಮ್ಮ ನಾಲ್ಕು ದಿನ ಫೋನನ್ನೇ ಎತ್ತಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಸಿಂಧನೂರಿನ ಬಸ್ಸಿಳಿದು ತಾನೇ ಬಂದಳು. ಯಾರ ಕೈಗೂ ಕೊಡದೆ ಸ್ಟೂಲು ಹತ್ತಿ ದೊಡ್ಡ ಫೋಟೊ ಇಳಿಸಿದಳು, ದೀಪ ಬಿಚ್ಚಿಸಿದಳು. ಚೀಲದಿಂದ ಅಂಗೈ ಅಗಲದ ಇನ್ನೊಂದು ಚಿತ್ರ ತೆಗೆದಳು. ನಮ್ಮ ಗಿರಣಿಯಲ್ಲಿ ಯಾವಾಗಲೋ ಅವಳೇ ಮೊಬೈಲಿನಲ್ಲಿ ಹಿಡಿದದ್ದು. ಅಮರಮ್ಮನ ಹುಬ್ಬಿನ ತುಂಬ ಜೋಳದ ಹಿಟ್ಟು. ಯಾರೋ ಏನೋ ಅಂದಿದ್ದಾರೆ, ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಾಳೆ. ಹಾರವಿಲ್ಲ, ಮೋಡವಿಲ್ಲ, ಸರವಿಲ್ಲ. ಅದನ್ನು ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಮೇಲಿನ ಮೊಳೆಗೆ ತೂಗುಹಾಕಿದೆವು. ಬೋರ್ಡನ್ನು ಅಳಿಸಿ "ಅಮರಮ್ಮನ ಮನೆ" ಎಂದಷ್ಟೇ ಬರೆಸಿದೆ. ದೊಡ್ಡ ಫೋಟೊ ಮಸ್ಕಿಗೆ ಬಂತು. ಆ ಕೆಂಪು ದೀಪ ಈಗ ನನ್ನೊಬ್ಬನಿಗೇ ಉರಿಯುತ್ತದೆ.

ಮೊದಲು ಬಂದವಳು ಹನುಮವ್ವ. ಮಗನನ್ನು ಹೊರಿಸಿಕೊಂಡು ಬಂದು, ಬಾಗಿಲಲ್ಲಿ ನಿಂತು, ಮನೆಯನ್ನೆಲ್ಲ ಒಂದು ಸಲ ನೋಡಿದಳು. ಆಮೇಲೆ ಹಿಂದೆ ತಿರುಗಿ ಮರದ ಕಡೆಗೆ ಕೂಗಿದಳು, "ಬರ್ರಿ ಬೇ, ಈಗ ಛಲೋ ಐತಿ." ಸಾಲಗುಂದದವರು ಬಂದರು, ತುರ್ವಿಹಾಳದವರು ಬಂದರು, ಲಿಂಗಸುಗೂರಿನ ಆಚೆಯ ಹಟ್ಟಿಗಳಿಂದ ಕುರಿ ಕಾಯುವವರು ಕಂಬಳಿಯ ಸಮೇತ ಬಂದರು. ಒಲೆ ಆರಲಿಲ್ಲ. ಒಬ್ಬರ ರೊಟ್ಟಿಗೆ ಇನ್ನೊಬ್ಬರ ಪುಂಡಿಪಲ್ಯ. ಒಬ್ಬರ ಹೊಲಿಗೆ ಬಿಚ್ಚುವ ದಿನ ಎಲ್ಲರೂ ಉಪವಾಸ ಇದ್ದವರಂತೆ ಕಾಯುವುದು, ಬಿಚ್ಚಿ ಬಂದ ಮೇಲೆ ಎಲ್ಲರೂ ಕೂಡಿ ಉಣ್ಣುವುದು. ಬಾಗಿಲಲ್ಲಿ ಕೂರುತ್ತಿದ್ದ ನನ್ನ ಜಾಗಕ್ಕೂ ಯಾರೋ ಹಾಸಿಗೆ ಹಾಸಿದರು. ನಾನು ಕಟ್ಟೆಗೆ ಸರಿದೆ. ಜೀವನದಲ್ಲಿ ಅಷ್ಟು ಸಂತೋಷದಿಂದ ಜಾಗ ಬಿಟ್ಟುಕೊಟ್ಟದ್ದಿಲ್ಲ.

ಯುಗಾದಿಯ ಮುನ್ನಾ ದಿನ ಸಾವುಕಾರರು ಹಮಾಲರನ್ನು ಕರೆದುಕೊಂಡೇ ಬಂದರು. ಹೊಸ್ತಿಲ ಮುಂದೆ ನಿಂತು ತಮ್ಮ ಚಪ್ಪಲಿ ಬಿಡಲು ಜಾಗ ಹುಡುಕಿದರು. ಸಿಗಲಿಲ್ಲ. ಅಷ್ಟು ಚಪ್ಪಲಿಗಳಿದ್ದವು. ಕೊನೆಗೆ ಕೈಯಲ್ಲೇ ಹಿಡಿದುಕೊಂಡು ಒಳಗೆ ಹೋಗಿ ಬಂದರು.

"ವೀರಣ್ಣ, ನನ್ನ ನೆಲ್ಲಿಗೆ ಬ್ಯಾರೆ ಜಾಗ ನೋಡ್ಬೇಕಾತಲ್ಲೋ" ಎಂದರು.

"ನೋಡ್ರಿ. ಸಿಗತೈತಿ" ಎಂದೆ. ಅಷ್ಟು ಧಿಮಾಕಿನಿಂದ ನಾನು ಸಾವುಕಾರರ ಜೊತೆ ಮಾತಾಡಿದ್ದು ಅದೇ ಮೊದಲು. ಅವರು ನಕ್ಕರು, ಹಮಾಲರನ್ನು ವಾಪಸು ಕಳಿಸಿದರು.

ಹಬ್ಬದ ದಿನ ನಾಗಮ್ಮ ದೊಡ್ಡ ಪಾತ್ರೆಯ ತುಂಬ ಬೇವು ಕಲಸಿದಳು. ಬೇವಿನ ಹೂವು, ಬೆಲ್ಲ, ಮಾವಿನಕಾಯಿ, ನಾವು ಪುಠಾಣಿ ಎನ್ನುವ ಹುರಿಗಡಲೆ ಎಲ್ಲ ಹಾಕಿ ಕುಡಿಯುವ ಹಾಗೆ ಮಾಡುವುದು ನಮ್ಮ ಕಡೆಯ ರೂಢಿ. ಎಲ್ಲರಿಗೂ ಒಂದೊಂದು ಲೋಟ ಕೊಟ್ಟಳು. ಹೊಟ್ಟೆಯ ಆಪರೇಶನ್ ಆಗಿ ಎರಡು ದಿನದ ಹಿಂದೆ ಬಂದಿದ್ದ ತುರ್ವಿಹಾಳದ ಹೆಣ್ಣುಮಗಳೊಬ್ಬಳು ತನ್ನದನ್ನು ಕುಡಿದು, ಇನ್ನೊಂದು ಲೋಟ ತುಂಬಿಸಿ ಅಡುಗೆಮನೆಯ ಚಿತ್ರದ ಕೆಳಗೆ ಮುಚ್ಚಿಟ್ಟಳು.

"ಇದು ಯಾರಿಗವ್ವ?" ಎಂದು ನಾಗಮ್ಮ ಕೇಳಿದಳು.

"ಈ ಮನಿ ಅಮ್ಮಾರಿಗ್ರಿ. ನಾ ಬಂದಾಗಿಂದ ಕಂಡೇ ಇಲ್ಲ, ಎಲ್ಲೋ ಹೋಗ್ಯಾರ. ಹಬ್ಬದ ದಿನ ಬರ್ದಂಗ ಇರ್ತಾರೇನು?"

ನಾನು ನಾಗಮ್ಮನ ಮುಖ ನೋಡಿದೆ. ಹಾರಕ್ಕಾಗಿ ಅತ್ತವಳು ಅವಳು. ಲೋಟದ ಮುಚ್ಚಳ ಸರಿಮಾಡುತ್ತ, "ಇಡವ್ವ, ಬಂದು ಕುಡೀತಾಳ" ಎಂದಳು.

ಸಂಜೆ ಎಲ್ಲರೂ ಕಟ್ಟೆಯ ಮೇಲೆ ಗಾಳಿಗೆ ಕೂತಾಗ ಒಳಗೆ ಹೋಗಿ ಆ ಲೋಟವನ್ನು ನಾನು ಕುಡಿದೆ. ತೊಳೆದು ಚಿತ್ರದ ಕೆಳಗೇ ಬೋರಲು ಹಾಕಿದೆ. ಮರುದಿನ ಆ ಹೆಣ್ಣುಮಗಳು ಖಾಲಿ ಲೋಟ ನೋಡಿ ಹಿಗ್ಗಿದಳು.

"ಕುಡದ್ರೇನ್ರೀ ಅಮ್ಮಾರು?"

"ಕುಡದಾಳ," ಎಂದೆ, "ಬೆಲ್ಲ ಇನ್ನೊಂಚೂರು ಬೇಕಿತ್ತು ಅಂದ್ಲು."