ಹನ್ನೊಂದನೇ ಹಾಸಿಗೆಯ ಇಪ್ಪತ್ತು

ಒಂದು ಕಾಲದಲ್ಲಿ ನಮ್ಮಕ್ಕನ ಎದುರು ಕೂತು ಊಟ ಮಾಡುವುದೇ ನನಗೆ ಕಷ್ಟವಾಗಿತ್ತು. ತಟ್ಟೆ ಕೊಟ್ಟು ಕೂತವಳ ಕಣ್ಣು ನನ್ನ ಎದೆಯ ಮೇಲೆ ನೆಟ್ಟಿರುತ್ತಿತ್ತು, ತುಟಿ ಸಣ್ಣಗೆ ಅಲುಗುತ್ತಿತ್ತು. ನಿಮಿಷ ಕಳೆದ ಮೇಲೆ "ಹದಿನೇಳು" ಅನ್ನುತ್ತಿದ್ದಳು. ಬಸ್ಸಿನಲ್ಲಿ ಪಕ್ಕದ ಸೀಟಿನವರ ಉಸಿರು, ಹಾಲು ಹಾಕುವವನ ಉಸಿರು, ಮಂಚದಲ್ಲಿ ಮಲಗಿದ ಅಮ್ಮನ ಉಸಿರು, ಯಾರದ್ದನ್ನೂ ಬಿಡುತ್ತಿರಲಿಲ್ಲ. "ಏನು ಗ್ರಹಚಾರ ಅಕ್ಕಾ ಇದು, ನೆಮ್ಮದಿಯಾಗಿ ಉಸಿರಾಡೋಕಾದ್ರೂ ಬಿಡು" ಎಂದು ರೇಗುತ್ತಿದ್ದೆ. ಅವಳು ನಗುತ್ತಿರಲಿಲ್ಲ.

ಅಕ್ಕ ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಹದಿನಾಲ್ಕು ವರ್ಷ ಸಹಾಯಕಿಯಾಗಿದ್ದವಳು. ಹಾಸಿಗೆ ಬಟ್ಟೆ ಬದಲಿಸುವುದು, ರೋಗಿಗಳ ಮೈ ಒರೆಸುವುದು ಅವಳ ಕೆಲಸ. ನರ್ಸುಗಳು ಸಾಲದೆ ಹೋದಾಗ ಚಾರ್ಟು ತುಂಬುವುದೂ ಅವಳ ತಲೆಗೇ ಬಂತು. ಜ್ವರಕ್ಕೆ ಥರ್ಮಾಮೀಟರಿತ್ತು, ಬಿಪಿಗೆ ಮಿಷನ್ನಿತ್ತು. ಉಸಿರನ್ನು ಮಾತ್ರ ಗಡಿಯಾರ ನೋಡುತ್ತಾ ಒಂದು ನಿಮಿಷ ಪೂರ್ತಿ ಕಣ್ಣಿಂದಲೇ ಎಣಿಸಬೇಕು. ಮೂವತ್ತೆರಡು ಹಾಸಿಗೆಗೆ ಮೂವತ್ತೆರಡು ನಿಮಿಷವನ್ನು ಯಾರಪ್ಪನ ಮನೆಯಿಂದ ತರುವುದು? ಹಾಗಾಗಿ ಆ ವಾರ್ಡಿನಲ್ಲಿ ಎಲ್ಲರ ಉಸಿರೂ ಇಪ್ಪತ್ತು. ಹೊಸಬರಿಗೆ ಹಳಬರು ಮೊದಲ ದಿನವೇ ಹೇಳಿಕೊಡುತ್ತಿದ್ದರು: "ಇಪ್ಪತ್ತು ಅಂತ ಹಾಕು, ಯಾರೂ ಕೇಳಲ್ಲ." ನಿಜಕ್ಕೂ ಯಾರೂ ಕೇಳುತ್ತಿರಲಿಲ್ಲ.

ಹನ್ನೊಂದನೇ ಹಾಸಿಗೆಯಲ್ಲಿದ್ದವರು ರಿಟೈರಾದ ಲೆಕ್ಕದ ಟೀಚರ್. ಅಕ್ಕನನ್ನು "ಮರಿ" ಎಂದೇ ಕರೆಯುತ್ತಿದ್ದರು. ಅವತ್ತು ಸಂಜೆ ನಾಲ್ಕಕ್ಕೆ ಅಕ್ಕ ಇಪ್ಪತ್ತು ಬರೆದು ಮುಂದಿನ ಹಾಸಿಗೆಗೆ ಹೊರಟಾಗ ಟೀಚರ್ ಅವಳ ಕೈ ಹಿಡಿದುಕೊಂಡರು.

"ಮರಿ, ಯಾಕೋ ಗಾಳಿ ಸಾಲ್ತಿಲ್ಲ ಕಣಮ್ಮ."

ಅಕ್ಕ ಕಿಟಕಿ ತೆಗೆದು, "ಈಗ ಬರುತ್ತೆ ನೋಡಿ" ಎಂದು ಹೇಳಿ ಹೋದಳು. ಆರು ಗಂಟೆಯ ಹೊತ್ತಿಗೆ ಟೀಚರ್ ಇರಲಿಲ್ಲ. ಓಡಿಬಂದ ಡಾಕ್ಟರು ಚಾರ್ಟು ನೋಡಿ, "ನಾಲ್ಕಕ್ಕೆ ಸರಿಯಾಗೇ ಇದ್ರಲ್ಲ" ಎಂದರು. ಟೀಚರ್ ಅವರ ಮಗ ಮಾತ್ರ ಅಕ್ಕನನ್ನು ಹುಡುಕಿಕೊಂಡು ಬಂದು ಕೈ ಮುಗಿದ. "ಕೊನೇವರೆಗೂ ಚೆನ್ನಾಗಿ ನೋಡ್ಕೊಂಡ್ರಿ" ಎಂದ. ಅವನು ಬೈದಿದ್ದರೆ ಇವಳು ಬದುಕಿಕೊಳ್ಳುತ್ತಿದ್ದಳು ಎಂದು ನನಗೆ ಈಗಲೂ ಅನಿಸುತ್ತದೆ.

ಎಣಿಸುವ ಹುಚ್ಚು ಶುರುವಾದದ್ದು ಆಮೇಲೆ. ಮೂರು ವರ್ಷ ಅದು ಬಿಡಲಿಲ್ಲ. ಕೊನೆಗೊಂದು ದಿನ ವಿಶ್ವವಿದ್ಯಾಲಯದ ನರ್ಸಿಂಗ್ ಪದವಿಗೆ ಅರ್ಜಿ ಹಾಕುತ್ತೇನೆಂದಳು. ಆಸ್ಪತ್ರೆಯ ಕೆಲಸದವರಿಗೆ ನಲವತ್ತರ ತನಕ ಅವಕಾಶವಿತ್ತು, ಅವಳಿಗಾಗ ಮೂವತ್ತೊಂಬತ್ತು. ನನ್ನ ಅಂಗಡಿ ವಿಶ್ವವಿದ್ಯಾಲಯದ ಗೇಟಿನ ಎದುರೇ ಇದೆ. ಜೆರಾಕ್ಸ್ ಮಾಡುತ್ತೇನೆ, ಆನ್‌ಲೈನ್ ಅರ್ಜಿ ತುಂಬಿಕೊಡುತ್ತೇನೆ. ಅರ್ಜಿಯಲ್ಲಿ "ಈ ಕೋರ್ಸನ್ನು ಏಕೆ ಆರಿಸಿಕೊಂಡಿರಿ?" ಎಂಬುದೊಂದು ಪ್ರಶ್ನೆ. ಅದಕ್ಕೆ ನನ್ನ ಕಂಪ್ಯೂಟರಿನಲ್ಲಿ ಉತ್ತರ ಸಿದ್ಧವಾಗಿಯೇ ಇತ್ತು: "ಚಿಕ್ಕಂದಿನಿಂದಲೂ ರೋಗಿಗಳ ಸೇವೆ ಮಾಡಬೇಕೆಂಬ ಹಂಬಲ ನನ್ನದು..." ಎಷ್ಟು ಹುಡುಗಿಯರ ಹಂಬಲವನ್ನು ಹೀಗೆ ನಾನೇ ಅಂಟಿಸಿ ಕಳಿಸಿದ್ದೇನೋ ಲೆಕ್ಕವಿಲ್ಲ.

ಅಕ್ಕ ಎರಡೂ ಮಗ್ಗುಲು ಬರೆದ ಒಂದು ಹಾಳೆ ತಂದಿದ್ದಳು. ಇಪ್ಪತ್ತು, ಟೀಚರ್, ಕಿಟಕಿ, ಎಲ್ಲವೂ ಅದರಲ್ಲಿತ್ತು.

"ಒಂದಕ್ಷರ ಬದಲಾಯಿಸ್ಬೇಡ. ಇದನ್ನ ಓದಿ ಬೇಡ ಅಂದ್ರೆ ಬೇಡ. ಗೊತ್ತಿದ್ದೂ ಸೇರಿಸ್ಕೊಂಡ್ರೆ ಮಾತ್ರ ಓದ್ತೀನಿ" ಎಂದಳು.

ನಾನು ಹಾಳೆಯನ್ನು ಎರಡು ಸಲ ಓದಿದೆ. ಇದನ್ನು ಕಳಿಸಿದರೆ ಸೀಟು ಹಾಗಿರಲಿ, ಇರುವ ಕೆಲಸವೂ ಹೋಗುತ್ತದೆ, ನಾಳೆ ಪೊಲೀಸರು ಬಂದರೂ ಬಂದಾರು. ಅವಳು ಮನೆಗೆ ಹೋದ ಮೇಲೆ ನನ್ನ ಹಳೇ ಹಂಬಲವನ್ನೇ ಅಂಟಿಸಿ ಕಳಿಸಿದೆ. ಹಾಳೆಯನ್ನು ಮಡಚಿ ಡ್ರಾಯರಿನ ತಳದಲ್ಲಿಟ್ಟೆ.

ಸೀಟು ಸಿಕ್ಕಿತು. ಸಂದರ್ಶನದಲ್ಲಿ ಅಂಕ, ವಯಸ್ಸು ಬಿಟ್ಟು ಬೇರೇನೂ ಕೇಳಲಿಲ್ಲವಂತೆ. ಅಕ್ಕ ಅಲ್ಲಿಂದ ನೇರ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. "ಎಲ್ಲಾ ಓದಿಯೂ ಸೇರಿಸ್ಕೊಂಡ್ರು ಕಣೋ. ಒಂದು ಚುಚ್ಚು ಮಾತೂ ಆಡ್ಲಿಲ್ಲ." ನಾನು ಜೆರಾಕ್ಸ್ ಮಿಷನ್ ಕಡೆ ತಿರುಗಿದೆ. ಅವತ್ತು ಊಟಕ್ಕೆ ಕೂತಾಗ ಅವಳು ಯಾರ ಉಸಿರನ್ನೂ ಎಣಿಸಲಿಲ್ಲ.

ಹದಿನೆಂಟರ ಹುಡುಗಿಯರ ನಡುವೆ ಅವಳೊಬ್ಬಳು. ಅವರು "ದೊಡ್ಡಮ್ಮ" ಎಂದು ಹೆಸರಿಟ್ಟರು, ಇವಳು ಹಿಗ್ಗಿದಳು. ಬಟ್ಟೆ ಒಗೆಯುತ್ತಾ ಮೂಳೆಗಳ ಹೆಸರು ಬಾಯಿಪಾಠ ಮಾಡುತ್ತಿದ್ದಳು. ಅಭ್ಯಾಸಕ್ಕಿಟ್ಟ ಪ್ಲಾಸ್ಟಿಕ್ ಕೈಗೆ ಸೂಜಿ ಚುಚ್ಚುವಾಗಲೂ "ಸ್ವಲ್ಪ ನೋಯುತ್ತೆ" ಎಂದು ಹೇಳುತ್ತಿದ್ದಳಂತೆ, ಕ್ಲಾಸೆಲ್ಲ ನಗುತ್ತಿತ್ತಂತೆ. ಅಮ್ಮನ ಮುಖದಲ್ಲಿ ಗೆಲುವು ಬಂತು. ನನ್ನ ನೆಮ್ಮದಿ ಹಾಳಾಯಿತು. ಪ್ರತಿ ಸೆಮಿಸ್ಟರ್ ಪಾಸಾದಾಗಲೂ ಅಕ್ಕ "ಗೊತ್ತಿದ್ದೂ ಸೇರಿಸ್ಕೊಂಡ್ರು" ಎನ್ನುತ್ತಿದ್ದಳು. ಆ ಡ್ರಾಯರನ್ನು ತೆಗೆಯುವುದನ್ನೇ ಬಿಟ್ಟೆ. ಹಾಳೆಯನ್ನು ಹರಿದು ಹಾಕಲೂ ಧೈರ್ಯ ಬರಲಿಲ್ಲ. ಅಂಗಡಿಯಲ್ಲಿ ಒಬ್ಬನೇ ಇದ್ದರೆ ಕಂಡೇ ಇರದ ಆ ಟೀಚರ್ ಸ್ಟೂಲಿನ ಮೇಲೆ ಕೂತು ಕಷ್ಟಪಟ್ಟು ಉಸಿರೆಳೆಯುತ್ತಿದ್ದಾರೆ ಅನಿಸುತ್ತಿತ್ತು.

ಎರಡನೇ ವರ್ಷ ಮೇಡಂ ಒಬ್ಬರು ಉಸಿರು ಎಣಿಸುವ ಪಾಠ ತೆಗೆದರು. ಅಕ್ಕ ಎದ್ದು ನಿಂತು, "ಮೇಡಂ, ನಾನು ಅರ್ಜಿಯಲ್ಲಿ ಬರೆದಿದ್ದೆನಲ್ಲ, ಅದನ್ನ ಇವರಿಗೂ ಹೇಳ್ಲಾ?" ಎಂದು ಕೇಳಿದಳಂತೆ. ಮೇಡಂಗೆ ಏನೂ ಅರ್ಥವಾಗಲಿಲ್ಲ. ಆಫೀಸಿನಿಂದ ಅರ್ಜಿ ತರಿಸಿದರು.

ಯೂನಿಫಾರ್ಮಿನಲ್ಲೇ ಅಂಗಡಿಗೆ ಬಂದ ಅಕ್ಕ ಅರ್ಜಿಯ ಪ್ರತಿಯನ್ನು ನನ್ನ ಮುಂದಿಟ್ಟಳು.

"ಇದು ಯಾರ ಹಂಬಲ?"

ನಾನು ಡ್ರಾಯರಿನಿಂದ ಅವಳ ಹಾಳೆ ತೆಗೆದು ಕೊಟ್ಟೆ. ಬೈಯುತ್ತಾಳೆಂದು ಕಾದೆ. ಅವಳು ರಸ್ತೆ ದಾಟಿ ನೇರ ಪ್ರಿನ್ಸಿಪಾಲರ ಕೋಣೆಗೆ ಹೋದಳು.

ಪ್ರಿನ್ಸಿಪಾಲರು ಆಸ್ಪತ್ರೆಗೆ ಪತ್ರ ಬರೆದರು. ಉತ್ತರ ಬರುವ ತನಕ ಕ್ಲಾಸಿಗೆ ಬರಬೇಡ ಎಂದರು. ಆ ಒಂದು ತಿಂಗಳು ಅಕ್ಕ ನನ್ನೊಡನೆ ಮಾತಾಡಲಿಲ್ಲ. ತಟ್ಟೆ ಕೊಟ್ಟು ಎದುರು ಕೂತು ಮತ್ತೆ ಎಣಿಸತೊಡಗಿದಳು.

ಕೊನೆಗೆ ಪ್ರಿನ್ಸಿಪಾಲರು ಕರೆಸಿ, ಆಸ್ಪತ್ರೆಯ ಉತ್ತರದ ಪ್ರತಿ ಕೊಟ್ಟು ಕಳಿಸಿದರು. ಅಕ್ಕ ಅದನ್ನು ಅಂಗಡಿಗೆ ತಂದು ನನ್ನ ಕೈಗಿಟ್ಟಳು. "ದಾಖಲೆಗಳನ್ನು ಪರಿಶೀಲಿಸಲಾಗಿದೆ. ಸಂಜೆ ನಾಲ್ಕು ಗಂಟೆಗೆ ಹನ್ನೊಂದನೇ ಹಾಸಿಗೆಯ ರೋಗಿಯ ಉಸಿರಾಟ ಇಪ್ಪತ್ತು, ಸಹಜ. ಸಹಾಯಕಿಯ ಹೇಳಿಕೆಗೆ ಆಧಾರವಿಲ್ಲ." ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಗೆದ್ದೆ ಅಕ್ಕಾ! ನಿನ್ನ ತಪ್ಪೇನೂ ಇಲ್ಲ ಅಂತ ಅವರೇ ಬರೆದಿದ್ದಾರಲ್ಲ!"

"ಅವರು ನಂಬಿದ್ದು ನಾನು ಬರೆದ ಸುಳ್ಳನ್ನ" ಎಂದಳು ಅಕ್ಕ. "ಪ್ರಿನ್ಸಿಪಾಲರೂ ಅಷ್ಟೇ. ಮನಸ್ಸಿಗೆ ಹಚ್ಕೊಂಡಿದ್ದೀಯಮ್ಮ, ರೆಸ್ಟ್ ತಗೊಂಡು ಸೋಮವಾರದಿಂದ ಬಾ ಅಂದ್ರು." ನನ್ನ ಹತ್ತಿರ ಬಂದಳು. "ನೀನು ಯಾಕೋ ನನ್ನ ಹಾಳೆ ಮುಚ್ಚಿಟ್ಟೆ?"

"ಹೆದರಿಕೆ ಆಯ್ತು."

"ನಾನು ಬರೆದದ್ದನ್ನ ನಂಬಿದ್ದಕ್ಕೆ ತಾನೇ ಹೆದರಿದ್ದು?"

ಹೌದೆಂದು ತಲೆಯಾಡಿಸಿದೆ. ಅವಳು ಅಷ್ಟು ಹತ್ತಿರದಿಂದ ನನ್ನ ಮುಖ ನೋಡಿದ್ದು ಎಷ್ಟೋ ವರ್ಷಗಳ ಮೇಲೆ.

"ಹಾಗಾದ್ರೆ ಅವತ್ತು ನಾನು ಮಾಡಿದ್ದೇನು ಅಂತ ನೀನೇ ಹೇಳು. ಒಬ್ಬರಾದ್ರೂ ಬಾಯಿಬಿಟ್ಟು ಹೇಳ್ಬೇಕಲ್ವೇನೋ."

ಸಮಾಧಾನದ ಮಾತು ನನ್ನಲ್ಲಿ ಬೇಕಾದಷ್ಟಿತ್ತು. ಎಲ್ಲರೂ ಹಾಗೇ ಮಾಡ್ತಿದ್ರು, ನಿನಗೇನು ಗೊತ್ತಿತ್ತು, ಅವರಿಗೆ ವಯಸ್ಸಾಗಿತ್ತು. ಒಂದನ್ನೂ ಹೇಳಲಿಲ್ಲ.

"ಅವರಿಗೆ ಉಸಿರಾಡೋಕೆ ಆಗ್ತಿರ್ಲಿಲ್ಲ. ನಿನಗೆ ಹೇಳಿದ್ರು. ನೀನು ನೋಡ್ಲಿಲ್ಲ ಅಕ್ಕಾ" ಎಂದೆ.

ಇಂಥ ಮಾತನ್ನು ಒಡಹುಟ್ಟಿದವಳಿಗೆ ಹೇಳುವ ದಿನ ಯಾರಿಗೂ ಬರಬಾರದು. ಅಕ್ಕ ಕಣ್ಣು ಮುಚ್ಚಿ, "ಹ್ಞೂಂ" ಎಂದಳು. ನನ್ನ ಕೈಯಲ್ಲಿದ್ದ ಪತ್ರ ಇಸಕೊಂಡು ಅಂಗಡಿಯ ಮೆಟ್ಟಿಲಿಳಿದಳು. ಸೋಮವಾರ ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡು ಎಲ್ಲರಿಗಿಂತ ಮೊದಲು ಕ್ಲಾಸಿಗೆ ಹೋದಳು.